ಎಲ್ಲಿ ನಿಲ್ಲುತ್ತೆ ಅಂತ ಅಮ್ಮ ಕೇಳಿದಳು

ನಮ್ಮೂರು ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಬರುವ ದಾರಿಯಲ್ಲಿ, ಮೇನ್ ರೋಡಿನಿಂದ ಸ್ವಲ್ಪ ಒಳಗಿದೆ. ಮನೆಯಲ್ಲಿ ರೇಷ್ಮೆ. ಅಪ್ಪ ತೋಟ, ಸೊಪ್ಪು, ನೀರು ನೋಡಿಕೊಳ್ಳುತ್ತಾರೆ. ಹುಳು ಮನೆಯೂ ದುಡ್ಡಿನ ಪೆಟ್ಟಿಗೆಯೂ ಅಮ್ಮನದು. ನಾನು ದೇವನಹಳ್ಳಿ ಹತ್ತಿರ ಕೆಲಸಕ್ಕೆ ಹೋಗುತ್ತೇನೆ, ಕಂಪನಿ ಬಸ್ಸಿನಲ್ಲಿ. ಸಂಬಳ ನನ್ನದೇ. ಆದರೂ ಅಮ್ಮ ಬೇಡ ಅಂದ ಗಾಡಿಯನ್ನು ತಂದು ಅವಳ ಅಂಗಳದಲ್ಲಿ ನಿಲ್ಲಿಸಲು ನನಗೆ ಮನಸ್ಸಿರಲಿಲ್ಲ. ಒಪ್ಪಿಸಿಯೇ ತರಬೇಕು ಅಂತ ಮೊದಲೇ ತೀರ್ಮಾನಿಸಿದ್ದೆ. ಅದಕ್ಕೆ ಹತ್ತಿರ ಹತ್ತಿರ ಐದು ತಿಂಗಳು ಹಿಡಿಯಿತು.

ಕಾರು ಯಾವುದು ಅಂತ ಹೇಳಿಬಿಡುತ್ತೇನೆ. ಸ್ಯಾನ್ ಸ್ಟಾರ್ಮ್. 1998ರಲ್ಲಿ ಬಂದ, ಗೋವಾದಲ್ಲಿ ತಯಾರಾದ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು. ಮೇಲ್ಮೈ ಪೂರ್ತಿ ಫೈಬರ್, ತಗಡಿಲ್ಲ. ಎಂಜಿನ್ ಫ್ರಾನ್ಸಿನ ರೆನೋ ಕಂಪನಿಯದು, 1149 ಸಿಸಿ. ಯುರೋಪಿನಲ್ಲಿ ಕ್ಲಿಯೊ, ಟ್ವಿಂಗೊ ಕಾರುಗಳಲ್ಲಿ ಇದ್ದ ಎಂಜಿನ್ನೇ. ನಾನು ಚಿಕ್ಕವನಿದ್ದಾಗ ಒಂದು ಭಾನುವಾರ ನಂದಿ ಬೆಟ್ಟದ ಕಡೆಯಿಂದ ಹಳದಿ ಬಣ್ಣದ್ದೊಂದು ಬಂದು ಕಬ್ಬಿನ ಹಾಲಿನ ಗಾಡಿ ಮುಂದೆ ನಿಂತಿತ್ತು. ಮೇಲೆ ಚಾವಣಿ ಇಲ್ಲ. ಅದರ ಬಾಗಿಲ ಎತ್ತರ ನನ್ನ ಎದೆಮಟ್ಟ. ಆವತ್ತಿನಿಂದ ಅದು ಮನಸ್ಸಿನಲ್ಲಿ ಕೂತಿತ್ತು. ಇಂಥವು ತುಂಬಾ ಕಡಿಮೆ ಇವೆ. ಹಾಗಾಗಿ ಬೆಂಗಳೂರಿನಲ್ಲಿ 2001ರ ಒಂದು ಕಾರು ಮಾರಾಟಕ್ಕಿದೆ ಅಂತ ಸ್ನೇಹಿತ ಹೇಳಿದಾಗ ಆ ರಾತ್ರಿ ನಿದ್ದೆ ಬರಲಿಲ್ಲ.

ಮೊದಲ ಸಲ ಕೇಳಿದ್ದು ಪೂರಾ ತಪ್ಪು ಹೊತ್ತಿನಲ್ಲಿ. ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ಮುಂಚಿನ ನಿದ್ದೆ) ಬಿಟ್ಟು ಎದ್ದಿದ್ದವು. ಹುಳು ಸಾಕಿದವರಿಗೆ ಗೊತ್ತು, ಒಂದು ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಅವು ತಿನ್ನುವುದು ಆ ಕೊನೆಯ ವಾರದಲ್ಲೇ. ರಾತ್ರಿ ಹನ್ನೊಂದಕ್ಕೆ ಅಮ್ಮ ಸೊಪ್ಪು ಹಾಕಿ ಬಂದು ಕೂತಿದ್ದಳು. ನಾನು ಫೋನು ಹಿಡಿದುಕೊಂಡು ಹೋಗಿ ಕಾರಿನ ವಿಡಿಯೋ ತೋರಿಸಿದೆ. ಎಷ್ಟು ಚೆನ್ನಾಗಿ ಓಡುತ್ತೆ, ತಿರುವಿನಲ್ಲಿ ಹೇಗೆ ಹಿಡಿದುಕೊಳ್ಳುತ್ತೆ, ಎಲ್ಲ ಹೇಳಿದೆ. ಅವಳು ಪೂರ್ತಿ ನೋಡಿದಳು.

"ಎಷ್ಟು ಓಡುತ್ತೆ ಅಂತ ಹೇಳ್ದೆ. ಎಲ್ಲಿ ನಿಲ್ಲುತ್ತೆ ಅಂತ ಹೇಳ್ಲಿಲ್ಲ" ಅಂದಳು. ಎದ್ದು ಹೋದಳು.

ಬ್ರೇಕಿನ ಬಗ್ಗೆ ಕೇಳಿದಳು ಅಂದುಕೊಂಡೆ. ಮಾರನೇ ದಿನ ಡಿಸ್ಕ್ ಬ್ರೇಕಿನ ಬಗ್ಗೆ ವಿವರಿಸಲು ಹೋದೆ. ಅವಳಿಗೆ ಕೋಪ ಬಂತು. ಕೋಪ ಬಂದರೆ ಅಮ್ಮ ತೆಲುಗಿಗೆ ಹೋಗುತ್ತಾಳೆ, ನಮ್ಮ ಕಡೆ ಇದು ಹೊಸದೇನಲ್ಲ. ಹಳೇ ಗಾಡಿ ಅಂದ್ರೆ ಗೊಡ್ಡು ಹಸು ಕಟ್ಟಿಕೊಂಡ ಹಾಗೆ, ಮೇವು ತಪ್ಪಲ್ಲ, ಹಾಲು ಬರಲ್ಲ. ಅದೂ ಎರಡೇ ಸೀಟು, ನಾವು ಮೂರು ಜನ. ಟಿವಿಯಲ್ಲಿ ಹೇಳ್ತಾರೆ ಹದಿನೈದು ವರ್ಷ ಆದ ಗಾಡಿ ಗುಜರಿಗೆ ಹಾಕ್ಬೇಕು ಅಂತ, ನೀನು ಇಪ್ಪತ್ತಮೂರು ವರ್ಷದ್ದು ತರ್ತೀನಿ ಅಂತೀಯ. ಇಷ್ಟೂ ಒಂದೇ ಉಸಿರಿಗೆ.

ಅಪ್ಪನನ್ನು ಮುಂದೆ ಬಿಟ್ಟು ನೋಡೋಣ ಅನ್ನಿಸಿತು. ಅಪ್ಪ ಒಪ್ಪಿದ್ದರು. ಆದರೆ ಅದನ್ನು ಮಾಡಬೇಡಿ ಅಂತ, ಹಳೇ ಕಾರಿಗೆ ಮನೆಯವರನ್ನು ಒಪ್ಪಿಸುವ ಪ್ರಯತ್ನದಲ್ಲಿರುವ ಎಲ್ಲರಿಗೂ ಹೇಳುತ್ತೇನೆ. ಒಬ್ಬರನ್ನು ಮೊದಲು ಒಲಿಸಿಕೊಂಡು ಇನ್ನೊಬ್ಬರ ಮೇಲೆ ಒತ್ತಡ ತಂದರೆ ಕಾರಿನ ಮಾತು ಮನೆ ಜಗಳವಾಗುತ್ತೆ. ಎರಡು ದಿನ ಮನೆಯಲ್ಲಿ ಸರಿಯಾಗಿ ಮಾತೇ ಇರಲಿಲ್ಲ. ಅಪ್ಪನ ಮುಖ ನೋಡಿ ನನಗೆ ಬೇಜಾರಾಯಿತು.

ಆಮೇಲೆ ಒಂದು ತಿಂಗಳು ಸುಮ್ಮನಿದ್ದೆ. ಅಮ್ಮ ಕೇಳಿದ ಒಂದೊಂದು ಪ್ರಶ್ನೆಗೂ ನಾನೇ ಉತ್ತರ ಹುಡುಕತೊಡಗಿದೆ. ಗುಜರಿ ವಿಷಯ ಸುಲಭವಾಗಿ ಬಗೆಹರಿಯಿತು. ಟಿವಿಯಲ್ಲಿ ಅವಳು ನೋಡಿದ್ದು ದೆಹಲಿಯ ಸುದ್ದಿ. ಅಲ್ಲಿ ಮತ್ತು ಸುತ್ತಲಿನ ಎನ್‌ಸಿಆರ್‌ನಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ನಿರ್ಬಂಧ ಬಂದದ್ದು. ನಮ್ಮಲ್ಲಿ 15 ವರ್ಷ ಆದಮೇಲೆ ಗಾಡಿಯನ್ನು ಆರ್‌ಟಿಒಗೆ ತೋರಿಸಿ, ಪಾಸಾದರೆ ಆರ್‌ಸಿಯನ್ನು ಐದೈದು ವರ್ಷಕ್ಕೆ ಮುಂದುವರಿಸಬಹುದು. ಈ ಕಾರಿನ ಆರ್‌ಸಿ 2026ರವರೆಗೆ ಇತ್ತು. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಅದನ್ನೇ ತೋರಿಸಿದೆ. ಸಾಲ ಬಾಕಿ ಇಲ್ಲ, ವಿಮೆ ಯಾವಾಗಿನವರೆಗೆ ಇದೆ, ಎಲ್ಲ ಅಲ್ಲೇ ಇತ್ತು. ಸರ್ಕಾರದ ಆ್ಯಪ್ ಆಗಿದ್ದರಿಂದ ಅಮ್ಮ ನಂಬಿದಳು.

ವೇಗದ ಭಯ ಅಷ್ಟು ಬೇಗ ಹೋಗಲಿಲ್ಲ. ಬೆಟ್ಟದ ರಸ್ತೆಯಲ್ಲಿ ಹುಡುಗರು ಬಿದ್ದ ಸುದ್ದಿ ನಮ್ಮೂರಿಗೆ ಬೇಗ ಮುಟ್ಟುತ್ತೆ. ಈ ಕಾರಿನ ಶಕ್ತಿ 60 ಬಿಎಚ್‌ಪಿ, ಇವತ್ತಿನ ಸಾಮಾನ್ಯ 1200 ಸಿಸಿ ಕಾರಿನಲ್ಲೇ ಎಂಬತ್ತರ ಆಸುಪಾಸು ಇರುತ್ತೆ, ಇದು ನೋಡಲಷ್ಟೇ ಜೋರು ಅಂದೆ. ಅದರ ಜೊತೆಗೆ, ಅವಳು ಕೇಳುವ ಮೊದಲೇ, ಇದರಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲ ಅಂತಲೂ ಹೇಳಿದೆ. ಮುಚ್ಚಿಟ್ಟಿದ್ದರೆ ಮುಂದೆ ಯಾರಾದರೂ ನೆಂಟರು ಅದನ್ನು ಅವಳ ಕಿವಿಗೆ ಹಾಕುತ್ತಿದ್ದರು. ಆಗ ನನ್ನ ಬೇರೆ ಮಾತುಗಳಿಗೂ ಬೆಲೆ ಇರುತ್ತಿರಲಿಲ್ಲ. ಕತ್ತಲಾದ ಮೇಲೆ ಹೈವೇಗೆ ಹೋಗಲ್ಲ, ಶನಿವಾರ ಭಾನುವಾರ ಜನ ನುಗ್ಗುವ ನಂದಿ, ಆದಿಯೋಗಿ ಕಡೆ ತೆಗೆದುಕೊಂಡು ಹೋಗಲ್ಲ ಅಂತ ಮಾತು ಕೊಟ್ಟೆ. ಇವತ್ತಿಗೂ ಅದನ್ನು ಮೀರಿಲ್ಲ.

ಎರಡನೇ ಸಲ ಯಾವಾಗ ಕೇಳಬೇಕು ಅಂತ ತುಂಬಾ ಯೋಚಿಸಿದೆ. ರೇಷ್ಮೆ ಗೂಡು ಮಾರಿ ಬಂದ ದಿನ ಅಮ್ಮ ಖುಷಿಯಾಗಿರುತ್ತಾಳೆ. ಆದರೆ ಆ ದಿನ ಕೇಳಿದರೆ ಗೂಡಿನ ದುಡ್ಡಿನ ಮೇಲೆ ಕಣ್ಣು ಹಾಕಿದ್ದಾನೆ ಅನ್ನಿಸುತ್ತೆ, ಅಲ್ವಾ? ಅದಕ್ಕೆ ಒಂದು ಬೆಳೆ ಮುಗಿದು ಮುಂದಿನ ಚಾಕಿ (ಮರಿ ಹುಳು) ಬರುವ ಮುಂಚಿನ ಬಿಡುವನ್ನು ಆರಿಸಿಕೊಂಡೆ. ಹುಳು ಮನೆ ತೊಳೆದು ಬ್ಲೀಚಿಂಗ್ ಪೌಡರ್ ಹೊಡೆಯುವ ದಿನಗಳು. ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ಬಿಸಿಲಿಗೆ ಹಾಕಲು ನಾನೂ ಜೊತೆಗೆ ನಿಂತೆ. ಕೆಲಸ ಮುಗಿದಮೇಲೆ ಒಂದು ನೋಟ್ ಪುಸ್ತಕ ತೆಗೆದು ಅವಳ ಮುಂದಿಟ್ಟೆ.

ಅಮ್ಮ ಪ್ರತಿ ಬೆಳೆಗೂ ಒಂದು ಹಾಳೆ ಇಡುತ್ತಾಳೆ. ಚಾಕಿಗೆ ಎಷ್ಟು, ಕೂಲಿಗೆ ಎಷ್ಟು, ಔಷಧಿಗೆ ಎಷ್ಟು, ಮಾರ್ಕೆಟ್ಟಿಗೆ ಗಾಡಿ ಬಾಡಿಗೆ ಎಷ್ಟು. ನಾನು ಕಾರಿಗೂ ಅದೇ ಥರ ಹಾಳೆ ಬರೆದಿದ್ದೆ. ಮಾಲೀಕರು ಹೇಳಿದ ಬೆಲೆ 2,40,000. ಟೈರು, ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಹೋಸ್‌ಗಳಿಗೆ 37,000. 1000ದಿಂದ 1500 ಸಿಸಿ ಒಳಗಿನ ಕಾರಿಗೆ ಥರ್ಡ್ ಪಾರ್ಟಿ ವಿಮೆ ವರ್ಷಕ್ಕೆ 3,416, ಮೇಲೆ ಜಿಎಸ್‌ಟಿ. ಮುಂದೆ ಆರ್‌ಸಿ ಮುಂದುವರಿಸಲು 5,000. ಒಂದು ಪೈಸೆ ಸಾಲ ಇಲ್ಲ, ನನ್ನ ಉಳಿತಾಯ 3,20,000.

ಅಮ್ಮ ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಬೆರಳ ತುದಿಯಲ್ಲಿ ಸೊಪ್ಪಿನ ಕಪ್ಪು ಕಲೆ. ಕೊನೆಯ ಸಾಲಿಗೆ ಬಂದು ನಿಂತಳು.

"ಕೈಕೊಟ್ರೆ ಅನ್ನೋ ಸಾಲು ಎಲ್ಲಿ?"

ಅವಳ ಎಲ್ಲ ಹಾಳೆಗಳಲ್ಲೂ ಆ ಸಾಲು ಇರುತ್ತೆ. ಹಾಲುತೊಂಡೆ, ಸಪ್ಪೆ ರೋಗ ಬಂದರೆ ಇಪ್ಪತ್ತೆರಡು ದಿನ ಸಾಕಿದ ಹುಳುವನ್ನು ಇಪ್ಪತ್ತಮೂರನೇ ದಿನ ಗುಂಡಿಗೆ ಹಾಕಬೇಕಾಗುತ್ತೆ. ಅದನ್ನು ಎರಡು ಸಲ ಕಂಡವಳು ಅವಳು. ಅಷ್ಟು ದಿನ ಅವಳ ವಿರೋಧವನ್ನು ನಾನು ಕಾರಿನ ಮೇಲಿನ ವಿರೋಧ ಅಂದುಕೊಂಡಿದ್ದೆ. ನನ್ನ ಲೆಕ್ಕದಲ್ಲಿ ಕೆಟ್ಟ ದಿನಕ್ಕೆ ಜಾಗವೇ ಇಲ್ಲ ಅನ್ನುವುದು ಅವಳ ತಕರಾರಾಗಿತ್ತು. ಪೆನ್ನು ತೆಗೆದು ಆ ಸಾಲು ಬರೆದೆ. ಕಾರಿನ ಬೆಲೆ ಇಳಿಯದಿದ್ದರೆ ಕೊಳ್ಳಲ್ಲ, 60,000 ರೂಪಾಯಿ ನಮ್ಮಿಬ್ಬರ ಹೆಸರಿನ ಖಾತೆಯಲ್ಲಿ ಇರುತ್ತೆ, ನಿನ್ನ ಸಹಿ ಇಲ್ಲದೆ ತೆಗೆಯಲ್ಲ ಅಂದೆ.

"ಸರಿ, ನೋಡೋಕೆ ನಾನೂ ಬರ್ತೀನಿ" ಅಂದಳು. ಒಪ್ಪಿಗೆ ಇನ್ನೂ ಸಿಕ್ಕಿರಲಿಲ್ಲ. ಆದರೆ ಅಂಥ ಮಾತು ಅದೇ ಮೊದಲು.

ಬೆಂಗಳೂರಿಗೆ ಹೋದಾಗ ಕಾರು ತೊಳೆದು ಫಳಫಳ ಅನ್ನುವ ಹಾಗೆ ನಿಲ್ಲಿಸಿದ್ದರು. ಹಳೆಯ ಕಾರನ್ನು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಬೇಕು, ಬಿಸಿ ಎಂಜಿನ್ ತನ್ನ ಕಾಯಿಲೆ ಮುಚ್ಚಿಕೊಳ್ಳುತ್ತೆ ಅಂತ ಬಸ್ಸಿನಲ್ಲಿ ಅಮ್ಮನಿಗೆ ಹೇಳಿದ್ದೆ. ನಾನು ಮಾಲೀಕರ ಜೊತೆ ಕಾಗದ ನೋಡುತ್ತಿದ್ದೆ. ಅಮ್ಮ ಹೋಗಿ ಬಾನೆಟ್ಟಿನ ಮೇಲೆ ಹಿಂಗೈ ಇಟ್ಟಳು. ಹುಳು ಮನೆಯ ಬಿಸಿ ನೋಡುವುದೂ ಅವಳು ಹಾಗೆಯೇ. ಆಮೇಲೆ ಕೈಯನ್ನು ಮುಂದಿನ ಜಾಲರಿಯ ಹತ್ತಿರ ತಂದು ಸ್ವಲ್ಪ ಹೊತ್ತು ಹಿಡಿದಳು. "ಇವತ್ತು ಓಡಿಸಿದ್ರಾ ಸ್ವಾಮಿ?" ಅಂತ ಕೇಳಿದಳು. ಇಲ್ಲ ಅಂದರು. "ಹಂಗಾದ್ರೆ ಬಿಸಿ ಯಾಕಿದೆ?"

ಅವರ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಬರುತ್ತೇವೆ, ಅಲ್ಲಿವರೆಗೆ ಮುಟ್ಟಬೇಡಿ ಅಂತ ಹೇಳಿ ಬಂದೆವು.

ಎರಡನೇ ಸಲ ಹೋದಾಗ ಬಾನೆಟ್ ತಣ್ಣಗಿತ್ತು. ಮೂರನೇ ಸಲ ಸೆಲ್ಫ್ ಹೊಡೆದಾಗ ಸ್ಟಾರ್ಟ್ ಆಯಿತು. ನೀಲಿ ಹೊಗೆ ಇಲ್ಲ, ಅಂದರೆ ಆಯಿಲ್ ಸುಡುತ್ತಿಲ್ಲ. ಜೊತೆಗೆ ಬಂದಿದ್ದ ಮೆಕ್ಯಾನಿಕ್ ನಾಲ್ಕೂ ಸಿಲಿಂಡರಿನ ಕಂಪ್ರೆಶನ್ (ಒಳಗಿನ ಒತ್ತಡ) ನೋಡಿದರು, ಸಮ ಇತ್ತು. ಬೇರೆ ಕಾರಾಗಿದ್ದರೆ ಬಟ್ಟೆ ಸುತ್ತಿದ ಅಯಸ್ಕಾಂತ ಇಟ್ಟು ತಗಡಿನ ಮೇಲೆ ಎಲ್ಲಿ ಪುಟ್ಟಿ ಮೆತ್ತಿದ್ದಾರೆ ಅಂತ ನೋಡಬಹುದಿತ್ತು. ಫೈಬರಿಗೆ ಅಯಸ್ಕಾಂತ ಹಿಡಿಯಲ್ಲ. ಅದರಲ್ಲಿ ನೋಡಬೇಕಾದ್ದು ಜೇಡರ ಬಲೆಯ ಥರ ಸಣ್ಣ ಬಿರುಕುಗಳನ್ನು. ಕೆಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದಿದೆಯಾ ಅಂತ ಮಲಗಿ ನೋಡಲೇಬೇಕು. ಅಮ್ಮ ಬಾಗಿಲನ್ನು ಬೆರಳಿಂದ ತಟ್ಟಿ, "ನೀರಿನ ಟ್ಯಾಂಕ್ ಇದ್ದಂಗಿದೆ" ಅಂದಳು.

ಗೂಡು ಮಾರ್ಕೆಟ್ಟಿನಲ್ಲಿ ರೀಲರುಗಳು, ಅಂದರೆ ಗೂಡು ಕೊಂಡು ನೂಲು ತೆಗೆಯುವವರು, ಮೇಲಿನ ಗೂಡು ನೋಡಿ ಬೆಲೆ ಕಟ್ಟುವುದಿಲ್ಲ. ತಳಕ್ಕೆ ಕೈ ಹಾಕಿ ತೆಗೆದು, ಕಿವಿ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ. ಅಮ್ಮನಿಗೆ ಅದು ಗೊತ್ತು. ಅವಳು ಸೀಟಿನ ಕೆಳಗೆ ಕೈ ಹಾಕಿ ಕಾರ್ಪೆಟ್ ಎತ್ತಿದಳು. ಹಸಿ. ಮೇಲಿನ ಬಟ್ಟೆ ಚಾವಣಿಯಿಂದ ನೀರು ಇಳಿಯುತ್ತಿತ್ತು. ಟೈರುಗಳ ಗುಂಡಿ, ಅಂದರೆ ಮೇಲಿನ ಹಲ್ಲು, ಚೆನ್ನಾಗಿಯೇ ಇತ್ತು. ಆದರೆ ಪಕ್ಕದಲ್ಲಿ ಅಚ್ಚು ಹಾಕಿದ್ದ ನಾಲ್ಕು ಅಂಕಿ 2211. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಅಂದರೆ 2011ರ ಇಪ್ಪತ್ತೆರಡನೇ ವಾರದ ಟೈರು ಅಂತ ತೋರಿಸಿದೆ. ಅಮ್ಮ ರಬ್ಬರಿನ ಬಿರುಕಿಗೆ ಉಗುರು ಒತ್ತಿದಳು. ಉಗುರು ಒಳಗೆ ಹೋಯಿತು. ಬೆಲೆ ಮಾತಾಡಿದ್ದು ಅವಳೇ. ಹಸಿ ಕಾರ್ಪೆಟ್, ಟೈರು, ಹಿಂದಿನ ವಾರದ ಬಿಸಿ ಬಾನೆಟ್, ಮೂರನ್ನೂ ಸಮಾಧಾನವಾಗಿ ಹೇಳಿದಳು. 2,05,000ಕ್ಕೆ ಮುಗಿಯಿತು. ಅಡ್ವಾನ್ಸ್ ಕೊಡು ಅಂತ ಅವಳೇ ನನ್ನ ಕಡೆ ನೋಡಿದಾಗ ನನಗೆ ಗಂಟಲು ಕಟ್ಟಿತು.

ಉಳಿದದ್ದನ್ನು ಬೇಗ ಹೇಳುತ್ತೇನೆ. ಗಾಡಿಯನ್ನು ನಿಮ್ಮ ಹೆಸರಿಗೆ ಮಾಡಿಸುವ ಫಾರ್ಮ್ 29, 30ಕ್ಕೆ ಮಾಲೀಕರ ಸಹಿಯನ್ನು ದುಡ್ಡು ಪೂರ್ತಿ ಕೊಡುವ ದಿನವೇ ಹಾಕಿಸಿಕೊಳ್ಳಿ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಅಂತ ಬಿಲ್ ಇಲ್ಲದಿದ್ದರೆ ಓಡಿಸುವ ಮೊದಲೇ ಬದಲಾಯಿಸಿ. ಬಂಕಿನಲ್ಲಿ ಈಗ ಸಿಗುವುದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್, ಹಳೆಯ ಕಾರಿನ ರಬ್ಬರ್ ಹೋಸುಗಳು ಅದಕ್ಕೆ ಅಂತ ಮಾಡಿದವಲ್ಲ. ನಾನು ಪೆಟ್ರೋಲ್ ಹೋಸುಗಳನ್ನೆಲ್ಲ ಬದಲಾಯಿಸಿದೆ. ಆರ್‌ಸಿ ಮುಂದುವರಿಸಲು ನಾನು ಬರೆದಿಟ್ಟಿದ್ದ 5,000 ಕೂಡ ನಿಲ್ಲಲಿಲ್ಲ. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000 ಮಾಡಿದರು. ಅಮ್ಮ ತನ್ನ ಪುಸ್ತಕ ತೆಗೆದು "ಕೈಕೊಟ್ರೆ" ಸಾಲಿನಿಂದ ಐದು ಸಾವಿರ ಕಳೆದು ಬರೆದಳು.

ಎಲ್ಲಿ ನಿಲ್ಲುತ್ತೆ ಅನ್ನುವ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕಾರು ಬಂದ ದಿನ. ಅಂಗಳದ ಪಕ್ಕದಲ್ಲೇ ಹುಳು ಮನೆ. ಹೊಗೆ, ವಾಸನೆ ಹುಳುಗಳಿಗೆ ಆಗಲ್ಲ. ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಮುಟ್ಟಲೂ ಅಮ್ಮ ಬಿಡಲ್ಲ. ಅವಳು ಕೇಳಿದ್ದು ಅದನ್ನೇ. ಕಾರು ಈಗ ದನದ ಕೊಟ್ಟಿಗೆಯ ಆ ಕಡೆಯ ಶೀಟಿನ ಕೆಳಗೆ ನಿಲ್ಲುತ್ತೆ. ಮನೆಯಲ್ಲಿ ಹುಳು ಇರುವಾಗ ಅಲ್ಲಿ ಸ್ಟಾರ್ಟ್ ಮಾಡುವ ಹಾಗಿಲ್ಲ. ಭಾನುವಾರ ಬೆಳಿಗ್ಗೆ ಗೇರ್ ತೆಗೆದು ನಾನು ಬಾಗಿಲ ಹತ್ತಿರ ಸ್ಟೀರಿಂಗ್ ಹಿಡಿದು ತಳ್ಳುತ್ತೇನೆ. ಅಮ್ಮ ಸೆರಗು ಸಿಕ್ಕಿಸಿಕೊಂಡು ಹಿಂದಿನಿಂದ ತಳ್ಳುತ್ತಾಳೆ. ಹುಣಸೇಮರ ದಾಟುವವರೆಗೆ ತಳ್ಳಿ, ಆಮೇಲೆ ಬಂದು ಎಡಗಡೆಯ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಳ್ಳುತ್ತಾಳೆ.