ಕೈತೋಟ ಪ್ರವಾಸ: ಪರರ ಮನೆಯಂಗಳವನ್ನು ನೋಡುವ ಬಗೆ

ಒಂದು ಊರಿನ ಕೆಲವು ಮನೆಗಳವರು ವರ್ಷದಲ್ಲಿ ಒಂದೆರಡು ದಿನ ತಮ್ಮ ಕೈತೋಟವನ್ನೂ ಕೆಲವೊಮ್ಮೆ ಮನೆಯ ಒಳಭಾಗವನ್ನೂ ಅಪರಿಚಿತರಿಗಾಗಿ ತೆರೆದಿಡುವ ಪದ್ಧತಿ ಹಲವು ದೇಶಗಳಲ್ಲಿದೆ. ಇಂಗ್ಲೆಂಡಿನ ನ್ಯಾಷನಲ್ ಗಾರ್ಡನ್ ಸ್ಕೀಮ್, ಮನೆಮನೆಗೆ ಹೋಗಿ ರೋಗಿಗಳ ಆರೈಕೆ ಮಾಡುತ್ತಿದ್ದ ದಾದಿಯರ ಸೇವೆಗೆ ಹಣ ಕೂಡಿಸಲೆಂದು 1927ರಲ್ಲಿ 609 ಖಾಸಗಿ ತೋಟಗಳೊಂದಿಗೆ ಆರಂಭವಾಯಿತು. ಅಮೆರಿಕದ ವರ್ಜೀನಿಯಾದ ಹಿಸ್ಟಾರಿಕ್ ಗಾರ್ಡನ್ ವೀಕ್ ಆರಂಭವಾದದ್ದು 1929ರಲ್ಲಿ. ಇಂದಿಗೂ ಇಂಥ ಪ್ರವಾಸಗಳ ಟಿಕೆಟ್ ಹಣ ಬಹಳಷ್ಟು ಕಡೆ ಯಾವುದಾದರೊಂದು ಸೇವಾಕಾರ್ಯಕ್ಕೆ ಸಲ್ಲುತ್ತದೆ. ಆದರೆ ನಾವು ಕೊಡುವ ಹಣ ಒಳಗೆ ಬರುವುದಕ್ಕಷ್ಟೇ ಅನುಮತಿ. ಕಾಲಿಡುವ ಜಾಗ ಇನ್ನೊಬ್ಬರು ಬದುಕುತ್ತಿರುವ ಮನೆ ಎಂಬುದನ್ನು ಮರೆಯಬಾರದು.

ಸಂಘಟಕರು ಕೊಡುವ ಪಟ್ಟಿಯಲ್ಲಿ ಹತ್ತು ತೋಟಗಳಿದ್ದರೆ ಹತ್ತನ್ನೂ ನೋಡಿಬಿಡಬೇಕೆಂಬ ಆಸೆ ಸಹಜ. ನನ್ನ ಸಲಹೆಯೆಂದರೆ ಮೂರು ಅಥವಾ ನಾಲ್ಕನ್ನು ಆಯ್ದುಕೊಂಡು ಪ್ರತಿಯೊಂದಕ್ಕೂ ಸಾಕಷ್ಟು ಸಮಯ ಕೊಡುವುದು. ಆಯ್ಕೆ ಮಾಡುವಾಗ ಅತಿ ದೊಡ್ಡ ತೋಟಕ್ಕಿಂತ, ವಿಸ್ತೀರ್ಣ, ಬಿಸಿಲು, ನೀರಿನ ಸೌಲಭ್ಯಗಳಲ್ಲಿ ನಿಮ್ಮ ಅಂಗಳವನ್ನು ಹೋಲುವ ತೋಟಕ್ಕೆ ಮೊದಲ ಸ್ಥಾನ ಕೊಡಿ, ಏಕೆಂದರೆ ಮನೆಗೆ ಮರಳಿ ಮಾಡಿ ನೋಡಬಹುದಾದ ಸಂಗತಿಗಳು ಸಿಗುವುದು ಅಲ್ಲಿಯೇ. ಹೆಚ್ಚು ಜನ ಸೇರುವ ತೋಟಕ್ಕೆ ಬಾಗಿಲು ತೆರೆದ ಕೂಡಲೇ ಹೋಗುವುದು ಒಳ್ಳೆಯದು. ಬೆಳಗಿನ ಓರೆ ಬಿಸಿಲಿನಲ್ಲಿ ಎಲೆ, ಹೂವುಗಳ ಬಣ್ಣವೂ ನಡುಹಗಲಿಗಿಂತ ಚೆನ್ನಾಗಿ ತಿಳಿಯುತ್ತದೆ. ಮೆಟ್ಟಿಲು, ಇಳಿಜಾರು, ಶೌಚಾಲಯ, ಮಕ್ಕಳ ಪ್ರವೇಶ ಇವುಗಳ ಬಗ್ಗೆ ಮುಂಚಿತವಾಗಿಯೇ ವಿಚಾರಿಸಿಕೊಳ್ಳಿ. ಸಾಕುನಾಯಿಯನ್ನು ಕರೆದೊಯ್ಯಬಹುದೆಂದು ಸ್ಪಷ್ಟವಾಗಿ ಹೇಳಿಲ್ಲದಿದ್ದರೆ ಮನೆಯಲ್ಲೇ ಬಿಟ್ಟು ಬನ್ನಿ. ವಾಹನವನ್ನು ನಿಲ್ಲಿಸುವಾಗ ಅಕ್ಕಪಕ್ಕದವರ ಗೇಟಿಗೆ ಅಡ್ಡವಾಗದಂತೆ ನೋಡಿಕೊಳ್ಳಿ; ಆ ಗದ್ದಲದ ದೂರು ಕೊನೆಗೆ ಬರುವುದು ತೋಟದ ಒಡೆಯರ ಮೇಲೆಯೇ.

ಪಾದರಕ್ಷೆಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಬೇರು ಕೊಳೆಯಿಸುವ ಫೈಟಾಫ್ತೊರದಂಥ ರೋಗಾಣುಗಳು ಅಟ್ಟೆಗೆ ಅಂಟಿದ ಮಣ್ಣಿನೊಡನೆ ಒಂದು ತೋಟದಿಂದ ಇನ್ನೊಂದಕ್ಕೆ ಸಾಗಬಲ್ಲವು. ಒಂದೇ ದಿನ ಹಲವು ತೋಟಗಳಲ್ಲಿ ಓಡಾಡುವ ನಮ್ಮಂಥವರೇ ಅದಕ್ಕೆ ವಾಹಕರಾಗಬಹುದಾದ್ದರಿಂದ, ಒಂದೊಂದು ತೋಟದಿಂದ ಹೊರಬಂದಾಗಲೂ ಅಟ್ಟೆಯ ಮಣ್ಣನ್ನು ಬ್ರಷ್‌ನಿಂದ ಉಜ್ಜಿ ತೆಗೆಯುವುದು ತೋಟದ ಒಡೆಯರಿಗೆ ನಾವು ಸಲ್ಲಿಸಬಹುದಾದ ದೊಡ್ಡ ಗೌರವ. ಚೂಪು ಹಿಮ್ಮಡಿಯ ಚಪ್ಪಲಿ ಹುಲ್ಲುಹಾಸನ್ನು ಚುಚ್ಚುತ್ತದೆ, ಮರದ ನೆಲದ ಮೇಲೆ ಗುರುತು ಮೂಡಿಸುತ್ತದೆ; ಆದ್ದರಿಂದ ಸಮತಟ್ಟಾದ ಅಟ್ಟೆಯದನ್ನೇ ಧರಿಸಿ. ಫೋಟೊಗಾಗಿಯಾದರೂ ಪಾತಿಯೊಳಗೆ ಕಾಲಿಡಬೇಡಿ. ಒದ್ದೆ ಮಣ್ಣನ್ನು ತುಳಿದರೆ ಕಣಗಳ ನಡುವೆ ಗಾಳಿಗೂ ನೀರಿಗೂ ಇದ್ದ ಎಡೆ ಮುಚ್ಚಿ ಹೋಗುತ್ತದೆ, ಮತ್ತು ವರ್ಷಗಟ್ಟಲೆ ಗೊಬ್ಬರ ಹಾಕಿ ಹದಗೊಳಿಸಿದ ಆ ಸಡಿಲ ಮಣ್ಣು ಒಂದು ಹೆಜ್ಜೆಗೆ ಗಟ್ಟಿಯಾಗಿ ಬಿಡುತ್ತದೆ. ಮಕ್ಕಳ ಜೊತೆ ಹೋದವರು ಕೊಳದ ಅಂಚಿನಲ್ಲಿ ಅವರ ಕೈ ಬಿಡಬಾರದು. ಕಣಗಿಲೆ, ದತ್ತೂರಿ, ಹರಳಿನಂಥ ವಿಷಸಸ್ಯಗಳು ಅಲಂಕಾರಕ್ಕಾಗಿ ಬೆಳೆದ ತೋಟಗಳಲ್ಲಿಯೂ ಇರುತ್ತವೆ ಎಂಬುದು ನೆನಪಿರಲಿ.

ತೋಟವನ್ನು ಪ್ರವೇಶಿಸಿದ ಮೇಲೆ ಗಿಡದ ಹೆಸರಿಗೆ ಕೈ ಹಾಕುವ ಮೊದಲು ಒಂದು ಕಡೆ ನಿಂತು ಒಟ್ಟು ನೋಟವನ್ನು ಗಮನಿಸಿ: ಬಿಸಿಲು ಯಾವ ದಿಕ್ಕಿನಿಂದ ಬರುತ್ತದೆ, ದಾರಿ ಎಲ್ಲಿ ತಿರುಗುತ್ತದೆ, ಮನೆಯ ಕಿಟಕಿಯಿಂದ ಏನು ಕಾಣುತ್ತದೆ, ಪಕ್ಕದ ಗೋಡೆಯನ್ನು ಯಾವುದರಿಂದ ಮರೆಮಾಡಿದ್ದಾರೆ. ಬಳಿಕ ಹಿತ್ತಿಲಿಗೆ ಹೋಗಲು ಅವಕಾಶವಿದ್ದರೆ ತಪ್ಪದೆ ಹೋಗಿ ಗೊಬ್ಬರದ ಗುಂಡಿ, ಮಳೆನೀರಿನ ತೊಟ್ಟಿ, ಸಸಿಮಡಿ ಇವುಗಳನ್ನು ನೋಡಬೇಕು, ಏಕೆಂದರೆ ಮುಂದಿನ ಅಂಗಳದ ಹೂವುಗಳಿಗೆ ಆಧಾರವಾದ ದುಡಿಮೆ ಕಾಣಿಸುವುದು ಅಲ್ಲಿ. ಹಿಡಿಸಿದ ಗಿಡದ ಸಸ್ಯಶಾಸ್ತ್ರೀಯ ಹೆಸರನ್ನು ಬರೆದುಕೊಳ್ಳಿ. ಒಂದೇ ಆಡುಹೆಸರು ಬೇರೆ ಬೇರೆ ಗಿಡಗಳಿಗೆ ಇರುವುದುಂಟು. ಅದರ ಪಕ್ಕದಲ್ಲೇ ನೆರಳು, ತೇವ, ಗಿಡದ ವಯಸ್ಸನ್ನೂ ದಾಖಲಿಸಿದರೆ ಆ ಟಿಪ್ಪಣಿ ಮುಂದೆ ಉಪಯೋಗಕ್ಕೆ ಬರುತ್ತದೆ.

ಒಡೆಯರು ಬಿಡುವಾಗಿದ್ದರೆ ಮಾತನಾಡಿಸಿ. “ಎಷ್ಟು ಚೆಂದವಾಗಿದೆ” ಎಂಬ ಮಾತಿನ ಜೊತೆಗೆ ಇಲ್ಲಿ ಯಾವ ಗಿಡ ಬದುಕಲಿಲ್ಲ, ಬೇಸಿಗೆಯಲ್ಲಿ ನೀರನ್ನು ಹೇಗೆ ನಿಭಾಯಿಸುತ್ತೀರಿ, ವಾರಕ್ಕೆ ಎಷ್ಟು ಹೊತ್ತು ಕೆಲಸ ಬೇಕಾಗುತ್ತದೆ ಎಂದು ಕೇಳಿದರೆ ಪುಸ್ತಕಗಳಲ್ಲಿ ಸಿಗದ ಉತ್ತರಗಳು ಸಿಗುತ್ತವೆ. ತಮ್ಮ ಮಣ್ಣಿನ ಗುಣವನ್ನು ಅವರಷ್ಟು ಬಲ್ಲವರು ಬೇರೆ ಯಾರೂ ಇರುವುದಿಲ್ಲ. ಕೇಳದೆ ಸಲಹೆ ಕೊಡುವುದು, ಹಿಂದೆ ನೋಡಿದ ತೋಟದೊಡನೆ ಹೋಲಿಸಿ ಗಟ್ಟಿಯಾಗಿ ಮಾತನಾಡುವುದು ಸಲ್ಲದು.

ಮನೆಯೊಳಗೆ ಬಿಟ್ಟಿದ್ದರೆ ತೆರೆದಿಟ್ಟ ಕೋಣೆಗಳನ್ನಷ್ಟೇ ನೋಡಿ, ಮುಚ್ಚಿದ ಬಾಗಿಲನ್ನು ಮುಟ್ಟಬೇಡಿ. ಬೆನ್ನಿಗೆ ಹಾಕಿದ ಚೀಲವನ್ನು ಎದೆಗೆ ತಂದುಕೊಂಡರೆ ತಿರುಗುವಾಗ ಯಾವ ವಸ್ತುವೂ ಉರುಳುವುದಿಲ್ಲ. ಫೋಟೊಗೆ ಅನುಮತಿ ಕೇಳಲೇಬೇಕು. ಕುಟುಂಬದವರ ಭಾವಚಿತ್ರಗಳು, ಮನೆಯ ಸಂಖ್ಯೆ, ಬೀಗದ ವ್ಯವಸ್ಥೆ ಚಿತ್ರದಲ್ಲಿ ಬರದಂತೆ ನೋಡಿಕೊಳ್ಳಿ. ಫೋನಿನ ಕ್ಯಾಮೆರಾದಲ್ಲಿ ಸ್ಥಳ ದಾಖಲಿಸುವ ಸೌಲಭ್ಯವನ್ನು ಆಫ್ ಮಾಡಿಡುವುದು ಅಗತ್ಯ, ಇಲ್ಲವಾದರೆ ಹಂಚಿಕೊಂಡ ಚಿತ್ರವೇ ಆ ಮನೆಯ ವಿಳಾಸವನ್ನು ಹೇಳಿಬಿಡಬಹುದು.

ಕಡ್ಡಿ ಮುರಿಯುವುದು, ಬೀಜ ಕಿತ್ತು ಜೇಬಿಗೆ ಹಾಕಿಕೊಳ್ಳುವುದು ಕಳ್ಳತನವೇ ಸರಿ. ಎಷ್ಟೋ ತೋಟಗಳಲ್ಲಿ ಕೇಳಿದರೆ ಸಂತೋಷದಿಂದ ಕೊಡುತ್ತಾರೆ ಎನ್ನುವಾಗ ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಅಲ್ಲಿ ಸಸಿಗಳನ್ನು ಮಾರುತ್ತಿದ್ದರೆ ಎಲೆಯ ಕೆಳಭಾಗವನ್ನು ಕೀಟಗಳಿಗಾಗಿ ಪರೀಕ್ಷಿಸಿ, ಬೇರು ಕುಂಡದ ತಳದಿಂದ ಸುತ್ತಿಕೊಂಡು ಹೊರಬಂದಿದೆಯೇ ಎಂದು ನೋಡಿ ಕೊಳ್ಳಿ. ಕೊಂಡದ್ದಾಗಲಿ ಉಡುಗೊರೆಯಾಗಿ ಬಂದದ್ದಾಗಲಿ, ಹೊಸ ಗಿಡವನ್ನು ಎರಡು ಮೂರು ವಾರ ಉಳಿದ ಗಿಡಗಳಿಂದ ದೂರವಿಟ್ಟು, ಅದರಲ್ಲಿ ಕೀಟ ಅಥವಾ ರೋಗದ ಲಕ್ಷಣವಿಲ್ಲವೆಂದು ಖಚಿತವಾದ ಬಳಿಕವೇ ಪಾತಿಗೆ ಇಳಿಸಿ.