ಹೀಟರ್ ತಂದೆ, ಚಳಿ ಹೋಯಿತು, ಬೂಷ್ಟು ಹೋಗಲಿಲ್ಲ

ಮಡಿಕೇರಿಯಲ್ಲಿ ಮನೆ ಕಟ್ಟುವಾಗ ನಾನು ಮಾಡಿದ ಮೊದಲ ತಪ್ಪು, ಮೈಸೂರಿನಲ್ಲಿ ನೋಡಿ ಇಷ್ಟಪಟ್ಟಿದ್ದ ಪ್ಲಾನನ್ನೇ ಇಲ್ಲಿಗೆ ಹೊತ್ತು ತಂದಿದ್ದು. ಚಪ್ಪಟೆ ಆರ್‌ಸಿಸಿ ತಾರಸಿ, ಬೆಟ್ಟ ಕಾಣಲಿ ಅಂತ ಪಶ್ಚಿಮಕ್ಕೆ ದೊಡ್ಡ ಕಿಟಕಿ, ಬಚ್ಚಲಿಗೆ ಗೀಸರ್. ಗೃಹಪ್ರವೇಶದ ದಿನ ಪಕ್ಕದ ಮನೆಯ ಅಜ್ಜಿ ಎಲ್ಲ ಕೋಣೆ ಸುತ್ತಾಡಿ ನೋಡಿ ಕೇಳಿದ್ದು ಒಂದೇ ಮಾತು. "ಅಲ್ಲ ಮಗಾ, ಬೆಂಕಿ ಎಲ್ಲಿ ಹಾಕ್ತೀಯ?" ನಾನು ನಕ್ಕುಬಿಟ್ಟೆ.

ಜುಲೈ ಬಂತು. ಸೂರ್ಯನ ಮುಖ ಕಾಣದೆ ಹತ್ತು ಹನ್ನೆರಡು ದಿನ. ಮದುವೆಗೆ ಹೋಗೋಣ ಅಂತ ಬೀರು ತೆಗೆದರೆ ನನ್ನ ಚರ್ಮದ ಬೆಲ್ಟಿನ ಮೇಲೆ ಹಸಿರು ಬೂಷ್ಟು, ಒಳ್ಳೆ ವೆಲ್ವೆಟ್ ಹೊದಿಸಿದ ಹಾಗೆ. ಉಪ್ಪಿನ ಡಬ್ಬಿಯಲ್ಲಿ ನೀರು, ಬೆಂಕಿಕಡ್ಡಿ ಗೀರಿದರೆ ಮದ್ದೇ ಕಿತ್ತು ಬರುತ್ತದೆ. ಚಳಿಯಿಂದಲೇ ಹೀಗೆ ಅಂದುಕೊಂಡು ಗ್ಯಾಸ್ ಹೀಟರ್ ತಂದೆ. ಕಿಟಕಿ ಎಲ್ಲ ಭದ್ರವಾಗಿ ಮುಚ್ಚಿ, ಹೀಟರ್ ಎದುರಿಗೆ ಒದ್ದೆ ಬಟ್ಟೆ ಹರವಿ ಮಲಗಿದೆವು. ಕೋಣೆ ಬೆಚ್ಚಗಾಯಿತು, ನಿಜ. ಆದರೆ ವಾರದೊಳಗೆ ಪಶ್ಚಿಮದ ಗೋಡೆಯ ಮೂಲೆಯೆಲ್ಲ ಕಪ್ಪು ಚುಕ್ಕಿ!

ಯಾಕೆ ಅಂತ ಅರ್ಥವಾಗಲು ನನಗೆ ಎರಡು ಮಳೆಗಾಲ ಬೇಕಾಯಿತು. ಒಂದು ಕಿಲೋ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಕೋಣೆಯೊಳಗೇ ಬಿಡುಗಡೆಯಾಗುತ್ತದೆ. ಬಟ್ಟೆಯಲ್ಲಿದ್ದ ನೀರು ಅದರ ಮೇಲೆ. ಬಿಸಿ ಗಾಳಿ ಅದನ್ನೆಲ್ಲ ಹಿಡಿದುಕೊಂಡು ಹೋಗಿ, ಮಳೆಗೆ ನೆನೆದು ತಣ್ಣಗಾಗಿರುವ ಗೋಡೆಗೆ ಮುಟ್ಟಿಸುತ್ತದೆ, ಅಲ್ಲಿ ಮತ್ತೆ ನೀರಾಗುತ್ತದೆ. ಅಂದರೆ ದುಡ್ಡು ಕೊಟ್ಟು ನಾನೇ ಗೋಡೆಗೆ ನೀರು ಹಾಕುತ್ತಿದ್ದೆ. ಮುಚ್ಚಿದ ಕೋಣೆಯಲ್ಲಿ ಅದನ್ನು ಉರಿಸುತ್ತಾ ಮಲಗಿದ್ದು ಜೀವಕ್ಕೇ ಅಪಾಯ ಅನ್ನುವುದೂ ಆಮೇಲೆ ಗೊತ್ತಾಯಿತು. ಕೆಂಡದ ಕಥೆಯೂ ಅಷ್ಟೇ. ಗಾಳಿ ಸಾಲದೆ ಉರಿದಾಗ ಬರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲಕ್ಕೆ ವಾಸನೆಯೇ ಇಲ್ಲ, ಎಚ್ಚರ ಆಗುವುದೇ ಇಲ್ಲ. ದಯವಿಟ್ಟು ಯಾರೂ ಮಾಡಬೇಡಿ.

ಆಮೇಲೆ ತೇವಾಂಶ ತೋರಿಸುವ ಪುಟ್ಟ ಮೀಟರ್ ತಂದಿಟ್ಟೆ. ಹಾಲ್‌ನಲ್ಲಿ ಶೇಕಡಾ 91 ತೋರಿಸಿತು. ಹೊರಗೆ 18 ಡಿಗ್ರಿ ಇದ್ದು ತೇವಾಂಶ 95 ಇದ್ದರೆ, ಅದೇ ಗಾಳಿಯನ್ನು 23 ಡಿಗ್ರಿಗೆ ಬಿಸಿ ಮಾಡಿದಾಗ ತೇವಾಂಶ ಹೆಚ್ಚುಕಮ್ಮಿ 70ಕ್ಕೆ ಇಳಿಯುತ್ತದೆ. ಬಿಸಿ ಮಾಡಿದರೆ ಲಾಭ ಇದೆ, ಆದರೆ ನೀರಿನ ಆವಿ ಹೊರಗೆ ಹೋಗಲು ದಾರಿ ಬೇಕು. ಅಜ್ಜಿಯ ಮನೆಯ ಬಚ್ಚಲು ಒಲೆ ಮಾಡುತ್ತಿದ್ದದ್ದು ಇದನ್ನೇ ಅಲ್ವಾ? ಸೌದೆ ಉರಿದು ಹೊಗೆ, ಆವಿ ಎಲ್ಲ ಹೊರಗೆ ಹೋಗುತ್ತದೆ, ಶಾಖ ಮಾತ್ರ ಗೋಡೆಯಲ್ಲಿ ಉಳಿಯುತ್ತದೆ.

ಹಾಗಾಗಿ ಕೊನೆಗೂ ಒಲೆ ಹಾಕಿಸಿದೆ. ಬಚ್ಚಲಿಗೂ ಹಿಂದಿನ ಸಣ್ಣ ಕೋಣೆಗೂ ನಡುವಿನ ಗೋಡೆಗೆ ಒತ್ತಿಸಿ, ಹೊಗೆ ಕೊಳವೆ ಸೂರಿನಿಂದ ಮೇಲಕ್ಕೆ. ಮೇಸ್ತ್ರಿ "ಕಟ್ಟುವಾಗಲೇ ಹೇಳಿದ್ದರೆ ಅರ್ಧ ಖರ್ಚಿಗೆ ಆಗ್ತಿತ್ತಲ್ಲ ಸಾರ್" ಅಂದ, ನಾನು ಸುಮ್ನೆ ಇದ್ದೆ. ತೋಟದಲ್ಲಿ ಕಾಫಿ ಗಿಡ ಸವರಿದಾಗ ಸಿಗುವ ಕಡ್ಡಿ, ಸಿಲ್ವರ್ ಓಕ್ ಕೊಂಬೆ ಬೇಸಿಗೆಯಲ್ಲೇ ಒಣಗಿಸಿ ಪೇರಿಸಿಟ್ಟರೆ ಮಳೆಗಾಲ ಕಳೆಯುತ್ತದೆ. ಹಂಡೆಯಲ್ಲಿ ಸ್ನಾನಕ್ಕೆ ನೀರು ಕಾಯುತ್ತದೆ, ಆಚೆ ಕೋಣೆಯ ಗೋಡೆ ರಾತ್ರಿ ಹತ್ತಕ್ಕೂ ಬೆಚ್ಚಗಿರುತ್ತದೆ. ಬಟ್ಟೆ, ಪುಸ್ತಕ, ಮಕ್ಕಳ ಶೂ ಎಲ್ಲ ಈಗ ಆ ಕೋಣೆಗೆ. ಅಲ್ಲಿ ಕಿಟಕಿ ಒಂದು ಗೇಣು ತೆರೆದೇ ಇರುತ್ತದೆ.

ಮಲಗುವ ಕೋಣೆಗೆ ತೇವ ಹೀರುವ ಯಂತ್ರ ಇದೆ, ಡಿಹ್ಯುಮಿಡಿಫೈಯರ್. ಸುಮಾರು 300 ವ್ಯಾಟ್ ಎಳೆಯುತ್ತದೆ, 2000 ವ್ಯಾಟ್ ಹೀಟರ್‌ಗೆ ಹೋಲಿಸಿದರೆ ಏನೂ ಅಲ್ಲ. ಅದಕ್ಕೆ ಮಾತ್ರ ಕಿಟಕಿ ಮುಚ್ಚಬೇಕು, ಇಲ್ಲದಿದ್ದರೆ ಊರಿನ ತೇವವನ್ನೆಲ್ಲ ಹೀರಲು ಹೊರಡುತ್ತದೆ. ಬೆಳಿಗ್ಗೆ ಅದರ ತೊಟ್ಟಿಯಿಂದ ಮೂರ್ನಾಲ್ಕು ಲೀಟರ್ ನೀರು ಚೆಲ್ಲುವಾಗ ಈಗಲೂ ನಂಬಲಾಗುವುದಿಲ್ಲ, ಇಷ್ಟನ್ನು ನಾವು ರಾತ್ರಿಯಿಡೀ ಉಸಿರಾಡುತ್ತಿದ್ದೆವಾ ಅಂತ. ಕಷ್ಟ ಅಂದರೆ ಕರೆಂಟು. ಲೈನ್ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಬರುವುದಿಲ್ಲ. ಆಗ ಒಲೆಯೇ ಗತಿ.

ತಾರಸಿಗೆ ಎಲ್ಲರ ಹಾಗೆ ಶೀಟ್ ಹೊದಿಸಿದೆ. ಮಳೆ ಬೀಸುವ ಪಶ್ಚಿಮದ ಗೋಡೆಗೂ ಶೀಟ್, ನಡುವೆ ಗಾಳಿ ಆಡಲು ಜಾಗ ಬಿಟ್ಟು. ನೋಡಲು ಚಂದ ಇಲ್ಲ. ಬೆಟ್ಟದ ನೋಟ ಅರ್ಧ ಹೋಯಿತು.

ಇದನ್ನೆಲ್ಲ ನೋಡಿ ಕುಶಾಲನಗರದಲ್ಲಿರುವ ನನ್ನ ತಂಗಿ "ನಮಗೂ ಹೀಗೇ ಮಾಡಿಸಿಕೊಡು ಅಣ್ಣಾ" ಅಂದಳು. ಬೇಡವೇ ಬೇಡ ಅಂದೆ. ಇಲ್ಲಿಂದ 30 ಕಿಲೋಮೀಟರ್ ಅಷ್ಟೇ, ಆದರೆ ಅದು 300 ಮೀಟರ್ ಕೆಳಗಿದೆ, ಬರೀ ಎತ್ತರದ ಲೆಕ್ಕಕ್ಕೇ ಎರಡು ಡಿಗ್ರಿ ಸೆಕೆ ಜಾಸ್ತಿ. ಘಟ್ಟದ ಮಳೆ ನಮ್ಮ ಕಡೆ ಸುರಿದು ಖಾಲಿಯಾಗಿ ಅಲ್ಲಿಗೆ ಮುಟ್ಟುವುದು ಮೂರನೇ ಒಂದು ಪಾಲು ಇರಬಹುದು. ನಮಗೆ ಏಪ್ರಿಲ್‌ನಲ್ಲಿ ಸಂಜೆ ಕಿಟಕಿ ತೆರೆದರೆ ಸಾಕು, ಅವಳ ಮಹಡಿಯಲ್ಲಿ ಆಗ ನಿಲ್ಲಲಾಗುವುದಿಲ್ಲ. ತಾರಸಿಗೆ ಬಿಳಿ ಬಣ್ಣ ಬಳಿಸಿ, ಪಶ್ಚಿಮದ ಕಿಟಕಿಗೆ ಹೊರಗಡೆಯಿಂದ ಬಿದಿರಿನ ತಟ್ಟಿ ಕಟ್ಟಿಸಿದೆವು. ಪರದೆ ಒಳಗೆ ಹಾಕಿದರೆ ಅಷ್ಟು ಉಪಯೋಗ ಇಲ್ಲ, ಬಿಸಿಲು ಗಾಜು ದಾಟಿ ಒಳಗೆ ಬಂದಾಗಿರುತ್ತದೆ.

ನನ್ನ ಮನೆಯಲ್ಲಿ ಒಂದು ಮೂಲೆ ಮಾತ್ರ ಇನ್ನೂ ಸೋತಿಲ್ಲ, ಬೀರು ಹಿಂದಿನದ್ದು. ಹೋದ ವರ್ಷ ಬೀರನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದೆ, ಸ್ವಲ್ಪ ಕಡಿಮೆಯಾಯಿತು. ಈ ಸಲ ಒಂದು ಗೇಣು ಎಳೆದಿದ್ದೇನೆ.