ಮಗುವಿನ ಕಿಡ್ನಿ ಎಷ್ಟು ಸೋಸುತ್ತಿದೆ: ಎತ್ತರ ಹಿಡಿದು ಲೆಕ್ಕ ಹಾಕುವ ಕ್ರಮ

ಮಳೆಗಾಲದಲ್ಲಿ ಉಡುಪಿ, ಮಂಗಳೂರಿನ ಕಡೆ ಜ್ವರ ಬಂದ ಮಕ್ಕಳಿಗೆ ಇಲಿ ಜ್ವರದ ಅನುಮಾನದಿಂದಲೋ ವಾಂತಿ-ಭೇದಿಯಿಂದ ಸೊರಗಿದ್ದಾರೆಂದೋ ರಕ್ತ ಪರೀಕ್ಷೆ ಬರೆದುಕೊಡುವುದುಂಟು. ರಿಪೋರ್ಟಿನಲ್ಲಿ ಸೀರಮ್ ಕ್ರಿಯಾಟಿನಿನ್ 0.9 ಎಂದಿದ್ದು, ಪಕ್ಕದಲ್ಲಿ ಸಾಮಾನ್ಯ ಮಿತಿ 0.6ರಿಂದ 1.2 ಎಂದು ಅಚ್ಚಾಗಿದ್ದರೆ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆದರೆ ಆ ಮಿತಿ ದೊಡ್ಡವರದು. ಕ್ರಿಯಾಟಿನಿನ್ ಎಂಬುದು ಕಿಡ್ನಿ ಸೋಸಿ ಹೊರಹಾಕುವ ಒಂದು ಕಸ, ಅದು ಹುಟ್ಟುವುದು ಸ್ನಾಯುಗಳಲ್ಲಿ. ಸ್ನಾಯು ಕಡಿಮೆಯಿರುವ ಪುಟ್ಟ ಮಗುವಿನ ರಕ್ತದಲ್ಲಿ ಅದು ಸಹಜವಾಗಿಯೇ ಕಡಿಮೆ ಇರಬೇಕು. ಆದ್ದರಿಂದ ಆ ಅಂಕಿಯನ್ನು ಮಗುವಿನ ಎತ್ತರದ ಜೊತೆಗಿಟ್ಟೇ ಓದಬೇಕು.

ಇದಕ್ಕೆ ಮಕ್ಕಳ ವೈದ್ಯರು ಬಳಸುವುದು 2009ರಲ್ಲಿ ಪರಿಷ್ಕರಿಸಿದ ಶ್ವಾರ್ಟ್ಸ್ ಸೂತ್ರ. ಸೆಂಟಿಮೀಟರಿನಲ್ಲಿರುವ ಎತ್ತರವನ್ನು 0.413ರಿಂದ ಗುಣಿಸಿ, ಬಂದದ್ದನ್ನು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ (mg/dL) ಎಂಬ ಲೆಕ್ಕದ ಕ್ರಿಯಾಟಿನಿನ್‌ನಿಂದ ಭಾಗಿಸಿದರೆ, ಕಿಡ್ನಿಗಳು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿವೆ ಎಂಬ ಅಂದಾಜು, ಅಂದರೆ ಇ-ಜಿಎಫ್‌ಆರ್, ಸಿಗುತ್ತದೆ. ದೊಡ್ಡವರು, ಚಿಕ್ಕವರು ಎನ್ನದೆ ಹೋಲಿಸಲು ಬರುವಂತೆ ಈ ಅಂಕಿಯನ್ನು 1.73 ಚದರ ಮೀಟರ್ ಮೈವಿಸ್ತೀರ್ಣಕ್ಕೆ ಹೊಂದಿಸಿರುತ್ತಾರೆ. 110 ಸೆಂಟಿಮೀಟರ್ ಎತ್ತರದ ಮಗುವಿನ ಕ್ರಿಯಾಟಿನಿನ್ 0.5 ಇದ್ದರೆ ಉತ್ತರ ಸುಮಾರು 91. ಅದೇ ಮಗುವಿಗೆ 0.9 ಬಂದರೆ ಸುಮಾರು 50. ಎರಡು ವರ್ಷ ದಾಟಿದ ಮಕ್ಕಳಲ್ಲಿ 90ಕ್ಕಿಂತ ಮೇಲಿರುವುದು ಸಹಜವಾದ್ದರಿಂದ, ನೆಮ್ಮದಿ ಕೊಟ್ಟಿದ್ದ ಆ 0.9ರ ಅರ್ಥವೇ ಇಲ್ಲಿ ಬದಲಾಗುತ್ತದೆ.

ಎತ್ತರವನ್ನು ಶಾಲೆಯ ಹಳೆಯ ದಾಖಲೆಯಿಂದ ಎತ್ತಿಕೊಳ್ಳದೆ ಆ ಹೊತ್ತಿಗೇ ಅಳೆಯುವುದು ಒಳ್ಳೆಯದು. ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ ನೇರ ನಿಲ್ಲಿಸಿ, ನೆತ್ತಿಯ ಮೇಲೆ ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಗೋಡೆಗೆ ಲಂಬವಾಗಿ ಒತ್ತಿಟ್ಟು ಗುರುತು ಹಾಕಿದರೆ ಸಾಕು. ಎತ್ತರದಲ್ಲಿ ಒಂದೆರಡು ಸೆಂಟಿಮೀಟರ್ ತಪ್ಪಿದರೂ ಲೆಕ್ಕ ಹೆಚ್ಚು ಕೆಡದು. ಕೆಡಿಸುವುದು ಕ್ರಿಯಾಟಿನಿನ್: 0.5ರ ಬದಲು 0.4 ಎಂದಾದರೆ ಅದೇ ಮಗುವಿನ ಅಂಕಿ 91ರಿಂದ 114ಕ್ಕೆ ಜಿಗಿಯುತ್ತದೆ. ಹೀಗಾಗಿ ದಶಮಾಂಶದ ನಂತರ ಎರಡು ಅಂಕಿ ಕೊಡುವ, ಎನ್‌ಜೈಮ್ ವಿಧಾನದಲ್ಲಿ ಅಳೆಯುವ ಲ್ಯಾಬ್ ಸಿಕ್ಕರೆ ಉತ್ತಮ, 0.413 ಎಂಬ ಗುಣಕವನ್ನು ಕಂಡುಕೊಂಡದ್ದೂ ಆ ವಿಧಾನಕ್ಕಾಗಿಯೇ. ಬಣ್ಣ ಬದಲಾಗುವುದನ್ನು ನೋಡಿ ಅಳೆಯುವ ಹಳೆಯ ಜಾಫೆ ವಿಧಾನದಲ್ಲಿ ಅಳೆದದ್ದಾದರೆ, ಮಗುವಿಗೆ ಕಾಮಾಲೆ ಇದ್ದಾಗ ಅಂಕಿ ದಾರಿ ತಪ್ಪಬಹುದು. ರಕ್ತ ಕೊಡುವ ಮೊದಲು ಕೋಳಿ ಸುಕ್ಕವೋ ಮಾಂಸದ ಸಾರೋ ಹೊಟ್ಟೆ ತುಂಬ ಊಟವಾಗಿದ್ದರೆ ಕ್ರಿಯಾಟಿನಿನ್ ಕೊಂಚ ಏರುತ್ತದೆ. ಕರಾವಳಿಯ ಮನೆಗಳಲ್ಲಿ ಇದನ್ನು ಕೇಳಿಯೇ ತಿಳಿಯಬೇಕು, ಯಾರೂ ತಾವಾಗಿ ಹೇಳುವುದಿಲ್ಲ.

ಈ ಸೂತ್ರ 1ರಿಂದ 16 ವರ್ಷದೊಳಗಿನವರಿಗೆ ಹೊಂದುತ್ತದೆ. ನವಜಾತ ಶಿಶುವಿಗೆ ಇದನ್ನು ಹಾಕಬಾರದು: ಮೊದಲ ದಿನಗಳಲ್ಲಿ ಅದರ ರಕ್ತದಲ್ಲಿರುವುದು ಬಹುಮಟ್ಟಿಗೆ ತಾಯಿಯ ಕ್ರಿಯಾಟಿನಿನ್, ಮತ್ತು ಸೋಸುವ ಶಕ್ತಿ ದೊಡ್ಡವರ ಮಟ್ಟಕ್ಕೆ ಬರಲು ಸುಮಾರು ಎರಡು ವರ್ಷ ಬೇಕು. ತೀರ ಬಡಕಲಾದ ಅಥವಾ ಸ್ನಾಯುರೋಗವಿರುವ ಮಗುವಿನಲ್ಲಿ ಉತ್ತರ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಅಂಥವರಿಗೆ ಸ್ನಾಯುವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್ ಸಿ ಎಂಬ ರಕ್ತ ಪರೀಕ್ಷೆ ಹೆಚ್ಚು ನಂಬಿಕಸ್ಥ. ಎಲ್ಲಕ್ಕಿಂತ ಮುಖ್ಯವಾಗಿ, ಇಲಿ ಜ್ವರದಲ್ಲಿ ಆಗುವಂತೆ ಕಿಡ್ನಿ ದಿಢೀರನೆ ಸೋತಾಗ ಈ ಲೆಕ್ಕವನ್ನು ನಂಬಲು ಬರುವುದೇ ಇಲ್ಲ. ಕ್ರಿಯಾಟಿನಿನ್ ಏರಲು ಸಮಯ ಹಿಡಿಯುವುದರಿಂದ ಮೊದಲ ದಿನದ ಅಂಕಿ ಸುಳ್ಳು ಧೈರ್ಯ ಕೊಡುತ್ತದೆ. ಆಗ ಸೂತ್ರಕ್ಕಿಂತ ಮಗು ಎಷ್ಟು ಮೂತ್ರ ಮಾಡಿತು ಎಂಬುದನ್ನು ಬರೆದಿಡುವುದೇ ಹೆಚ್ಚು ಉಪಯುಕ್ತ.

ಇ-ಜಿಎಫ್‌ಆರ್ ಅಂಕಿ 90ಕ್ಕಿಂತ ಕೆಳಗೆ ಬಂದರೆ ಒಂದೇ ರಿಪೋರ್ಟಿನಿಂದ ತೀರ್ಮಾನಕ್ಕೆ ಬರದೆ ವೈದ್ಯರು ಹೇಳಿದ ದಿನ ಮತ್ತೆ ಪರೀಕ್ಷಿಸಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ನೋಡಿಸಬೇಕು. ಮೂರು ತಿಂಗಳ ಆಚೆಗೂ 60ಕ್ಕಿಂತ ಕೆಳಗೇ ಉಳಿದರೆ ಅದು ದೀರ್ಘಕಾಲದ ಕಿಡ್ನಿ ತೊಂದರೆ. ಅಂಕಿ ಕಡಿಮೆ ಇರುವಷ್ಟು ಕಾಲ ಜ್ವರಕ್ಕೆಂದು ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್ ಇರುವ ಸಿರಪ್‌ಗಳನ್ನು ಮೆಡಿಕಲ್‌ನಿಂದ ತಾವೇ ತಂದು ಕುಡಿಸಬಾರದು.